ಸಿನಾಪ್ಸಿಸ್‌ನಲ್ಲಿ "ಸಂಶೋಧನೆಯ ವಿಧ" ಅಂತ ಏನು ಬರೆಯಲಿ? (ವಿಷಯ: ಮಂಗನ ಕಾಯಿಲೆ)

ಹಿನ್ನೀರು

ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ.ಗೆ ಸೇರಿ ವರ್ಷ ಆಗ್ತಾ ಬಂತು. ಕೋರ್ಸ್‌ವರ್ಕ್ ಮುಗಿದಿದೆ, ಈಗ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಕೊಡಬೇಕು. ನಾನು ಸಾಗರ ತಾಲ್ಲೂಕಿನವಳು. 2019ರಲ್ಲಿ ಅರಳಗೋಡು ಕಡೆ ಮಂಗನ ಕಾಯಿಲೆ (ಕಾಡಿನ ಉಣುಗು, ಅಂದರೆ ಉಣ್ಣೆ ಹುಳ ಕಚ್ಚಿ ಬರುವ ಜ್ವರ) ಜೋರಾದಾಗ ಡಿಗ್ರಿ ಓದ್ತಿದ್ದೆ. ಕಾಡಿಗೆ ಹೋಗಬೇಡಿ ಅಂತ ಮೈಕಿನಲ್ಲಿ ಹೇಳಿಕೊಂಡು ಹೋಗ್ತಿದ್ದರು. ಅದೇ ಹೊತ್ತಿಗೆ ಪಕ್ಕದ ಮನೆಯವರು ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರೋಕೆ ಸೊಪ್ಪಿನ ಬೆಟ್ಟಕ್ಕೆ, ಅಂದರೆ ಸೊಪ್ಪು ತರುವ ಕಾಡಿಗೆ ಹೊರಟಿದ್ದರು. ಅವರಿಗೆ ಅಪಾಯ ಗೊತ್ತಿತ್ತು. ಆದರೂ ಹೋದರು. ಕಾಯಿಲೆಯ ಭಯ, ದನದ ಅಗತ್ಯ, ದಿನದ ಕೂಲಿ ಇವನ್ನೆಲ್ಲ ಒಂದು ಮನೆ ಹೇಗೆ ತೂಗಿ ನೋಡುತ್ತೆ ಅನ್ನೋದು ನನ್ನ ಪ್ರಶ್ನೆ.

ಸಮಿತಿಯ ಮುಂದೆ ಇದನ್ನು ಹೇಳಿದೆ. "ಇದು ಯಾವ ವಿಧದ ಸಂಶೋಧನೆ?" ಅಂತ ಒಬ್ಬರು ಕೇಳಿದರು. "ಗುಣಾತ್ಮಕ" ಅಂದೆ. "30 ಜನರ ಹತ್ತಿರ ಮಾತಾಡಿದರೆ ಸಂಶೋಧನೆ ಆಗಲ್ಲ. 300 ಪ್ರಶ್ನಾವಳಿ ತುಂಬಿಸಿ, ಪ್ರಾಕ್ಕಲ್ಪನೆ (ಪರೀಕ್ಷಿಸಿ ನೋಡುವ ಊಹೆ) ಬರೆಯಿರಿ" ಅಂತ ಇನ್ನೊಬ್ಬರು ಅಂದರು. ಸಿನಾಪ್ಸಿಸ್ ವಾಪಸ್ ಬಂತು.

ಮೂಲಭೂತ, ಅನ್ವಯಿಕ, ವಿವರಣಾತ್ಮಕ, ಪ್ರಾಯೋಗಿಕ, ಐತಿಹಾಸಿಕ, ಗುಣಾತ್ಮಕ, ಪರಿಮಾಣಾತ್ಮಕ, ಕ್ರಿಯಾ ಸಂಶೋಧನೆ ಅಂತ ಎನ್‌ಇಟಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನನ್ನ ಸ್ವಂತ ಕೆಲಸ ಇದರಲ್ಲಿ ಎಲ್ಲಿ ಕೂರುತ್ತೆ ಅಂತ ಮಾತ್ರ ಹೊಳೆಯುತ್ತಿಲ್ಲ. ತಿಳಿದವರು ದಾರಿ ತೋರಿಸಿ.

ಪ್ರಯೋಗಶಾಲೆ

ತಂಗಿ, ನಾನು ಸೂಕ್ಷ್ಮಜೀವಿಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ನೀನು ಬಾಯಿಪಾಠ ಮಾಡಿದ ಪಟ್ಟಿಯಲ್ಲಿ ನಾಲ್ಕೈದು ಬೇರೆ ಬೇರೆ ಪಟ್ಟಿಗಳು ಕಲಸಿಹೋಗಿವೆ, ಗೊಂದಲ ಹುಟ್ಟೋದು ಅಲ್ಲೇ. ಒಬ್ಬ ಮನುಷ್ಯನನ್ನು ಊರು ಯಾವುದು, ಕಸುಬು ಏನು, ವಯಸ್ಸು ಎಷ್ಟು ಅಂತ ಕೇಳಿದರೆ ಮೂರಕ್ಕೂ ಅವನ ಹತ್ತಿರ ಉತ್ತರ ಇರುತ್ತದೆ. "ಸಾಗರದವನೋ, ಬಡಗಿಯೋ, ಐವತ್ತರವನೋ, ಒಂದನ್ನು ಆರಿಸು" ಅಂತ ಯಾರೂ ಕೇಳುವುದಿಲ್ಲ. ಸಂಶೋಧನೆಯೂ ಹಾಗೇ. ಯಾತಕ್ಕಾಗಿ ಮಾಡುತ್ತೀಯ ಎನ್ನುವುದಕ್ಕೆ ಮೂಲಭೂತ (ತಿಳಿಯಲಿಕ್ಕೆ) ಅಥವಾ ಅನ್ವಯಿಕ (ಬಳಸಲಿಕ್ಕೆ) ಎಂಬ ಉತ್ತರ. ಕೈಗೆ ಸಿಗುವ ಸಾಮಗ್ರಿ ಅಂಕಿಯೋ ಮಾತೋ ಎನ್ನುವುದಕ್ಕೆ ಪರಿಮಾಣಾತ್ಮಕ, ಗುಣಾತ್ಮಕ. ಇದ್ದದ್ದನ್ನು ಇದ್ದ ಹಾಗೆ ನೋಡುತ್ತೀಯೋ, ನೀನೇ ಏನನ್ನಾದರೂ ಬದಲಿಸಿ ನೋಡುತ್ತೀಯೋ ಎನ್ನುವುದಕ್ಕೆ ವೀಕ್ಷಣೆ, ಪ್ರಯೋಗ. ಒಂದೇ ಕೆಲಸಕ್ಕೆ ಈ ಮೂರು ಹೆಸರೂ ಒಟ್ಟಿಗೆ ಸಲ್ಲುತ್ತವೆ.

ನೀನು ಆರಿಸಿಕೊಂಡ ಕಾಯಿಲೆಯ ಚರಿತ್ರೆಯಲ್ಲೇ ಇದೆಲ್ಲ ಸಿಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅದನ್ನು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಕಟ್ಟಿದ್ದರು, ಈಗ ರಾಷ್ಟ್ರೀಯ ವೈರಾಣು ಸಂಸ್ಥೆ ಅನ್ನುತ್ತೇವೆ. ಮಂಗ ಸಾಯುವುದು, ಜನಕ್ಕೆ ಜ್ವರ ಬರುವುದು ಎರಡೂ ಒಟ್ಟಿಗೆ ಕಂಡಾಗ ಅವರ ಮೊದಲ ಆತಂಕ ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅದು ಹಾಗೇ ಕಾಣಿಸಿಕೊಳ್ಳುತ್ತದೆ, ಏಷ್ಯಾದಲ್ಲಿ ಇರಲಿಲ್ಲ. ಬಂದಿದ್ದರೆ ಅನಾಹುತ. ಆ ಹಂತದಲ್ಲಿ ಅವರ ಹತ್ತಿರ ಯಾವ ಪ್ರಾಕ್ಕಲ್ಪನೆಯೂ ಗಟ್ಟಿಯಾಗಿರಲಿಲ್ಲ. ಎಲ್ಲಿ, ಯಾರಿಗೆ, ಯಾವಾಗ ಅಂತ ಬರೆದುಕೊಳ್ಳುತ್ತಾ ಹೋದರು. ಇದು ಅನ್ವೇಷಣಾತ್ಮಕ, ವಿವರಣಾತ್ಮಕ ಕೆಲಸ. ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ, ರಷ್ಯಾದ ಕಡೆ ಉಣುಗಿನಿಂದ ಹರಡುವ ಮೆದುಳುಜ್ವರದ ವೈರಸ್ಸಿನ ಹತ್ತಿರದ ನೆಂಟ. ಆಗ ಪ್ರಶ್ನೆ ಮೊನಚಾಯಿತು: ಇಲ್ಲೂ ಉಣುಗೇ ಕಾರಣವೇ? ಪ್ರಾಕ್ಕಲ್ಪನೆ ಹುಟ್ಟಿದ್ದು ಈ ಘಟ್ಟದಲ್ಲಿ. ಪರೀಕ್ಷಿಸಿದಾಗ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡು ಉಣುಗು ಮುಖ್ಯ ವಾಹಕ ಅಂತ ಗೊತ್ತಾಯಿತು.

ನನಗೆ ತುಂಬ ಇಷ್ಟವಾದ ಭಾಗ ಇನ್ನೊಂದಿದೆ. ರಷ್ಯಾದ ವೈರಸ್ಸಿನ ನೆಂಟ ಮಲೆನಾಡಿಗೆ ಬಂದದ್ದು ಹೇಗೆ? ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳು ಮೈಮೇಲೆ ಉಣುಗು ಹೊತ್ತು ತಂದಿರಬಹುದೇ ಎಂಬ ಅನುಮಾನ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಹಣದಿಂದ 1959ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ವಲಸೆಯ ದೊಡ್ಡ ಅಧ್ಯಯನ ಶುರುಮಾಡಿತು, ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ. ಕಾಲಿಗೆ ಉಂಗುರ ತೊಡಿಸಿ ಸಾವಿರಾರು ಹಕ್ಕಿಗಳನ್ನು ಬಿಟ್ಟರು. ಹಕ್ಕಿಗಳೇ ತಂದವು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ, ಆದರೆ ಭಾರತಕ್ಕೆ ಬರುವ ಹಕ್ಕಿಗಳ ದಾರಿಯ ಬಗ್ಗೆ ಅಮೂಲ್ಯ ತಿಳಿವಳಿಕೆ ಸಿಕ್ಕಿತು. ಒಂದು ಜ್ವರದ ಕಾರಣ ಹುಡುಕಹೊರಟ ಅನ್ವಯಿಕ ಪ್ರಶ್ನೆ ಹಕ್ಕಿಶಾಸ್ತ್ರದ ಮೂಲಭೂತ ಸಂಶೋಧನೆಯಾಗಿ ಮುಗಿಯಿತು. ಹಾಗಾಗಿ ಮೂಲಭೂತ, ಅನ್ವಯಿಕ ಎಂಬ ಎರಡು ಕೋಣೆಗಳ ನಡುವೆ ಗೋಡೆ ಇದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ.

ಅಂಕಿಸಂಖ್ಯೆ

ಮೇಲಿನ ಸಾರ್ ಹೇಳಿದ್ದಕ್ಕೆ ಲಸಿಕೆಯ ಕಥೆ ಸೇರಿಸುತ್ತೇನೆ. ನಾನು ಸಾರ್ವಜನಿಕ ಆರೋಗ್ಯದಲ್ಲಿ ಸಂಖ್ಯಾಶಾಸ್ತ್ರದ ಕೆಲಸ ಮಾಡುವವಳು.

ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿ ಈ ಕಾಯಿಲೆಗೆ ಲಸಿಕೆ ತಯಾರಿಸಿದ್ದರು. 1994ರಲ್ಲಿ ಪ್ರಕಟವಾದ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ನೂರಕ್ಕೆ 90ಕ್ಕೂ ಹೆಚ್ಚು ರಕ್ಷಣೆ ಕಂಡಿತ್ತು. ಮುಂದೆ 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2013ರಲ್ಲಿ ಬಂತು. ಅದರಲ್ಲಿ ಎರಡು ಡೋಸ್‌ಗೆ ಸುಮಾರು 62, ಬೂಸ್ಟರ್ ಸೇರಿದರೆ ಸುಮಾರು 83. ಲಸಿಕೆ ಒಂದೇ, ಅಂಕಿ ಬೇರೆ. ಯಾರೋ ಸುಳ್ಳು ಹೇಳಿದರು ಅಂತ ಅಲ್ಲ. ಮೊದಲನೆಯದು ಯೋಜನೆ ಹಾಕಿಕೊಂಡು, ಲಸಿಕೆ ಕೊಟ್ಟು, ಹಿಂದೆಯೇ ನಿಗಾ ಇಟ್ಟು ಮಾಡಿದ್ದು. ಎರಡನೆಯದು ದಿನನಿತ್ಯದ ಆರೋಗ್ಯ ವ್ಯವಸ್ಥೆಯಲ್ಲಿ, ಡೋಸ್ ತಪ್ಪಿದವರು, ಬೂಸ್ಟರ್‌ಗೆ ಬಾರದವರು ಎಲ್ಲ ಸೇರಿದ ಮೇಲೆ ಏನಾಯಿತು ಅಂತ ಹಿಂತಿರುಗಿ ನೋಡಿದ್ದು. ಎರಡೂ ಪರಿಮಾಣಾತ್ಮಕವೇ, ಆದರೆ ಉತ್ತರಿಸಿದ ಪ್ರಶ್ನೆಗಳು ಬೇರೆ. ಈಗ ಆ ಲಸಿಕೆ ಕೊಡುವುದನ್ನೇ ನಿಲ್ಲಿಸಿದ್ದಾರೆ, ಹೊಸದಕ್ಕೆ ಕೆಲಸ ನಡೆದಿದೆ.

ಎರಡನೇ ಬಗೆಯ ಅಧ್ಯಯನ ಓದುವಾಗ ಒಂದು ಎಚ್ಚರ ಬೇಕು. ಲಸಿಕೆ ಹಾಕಿಸಿಕೊಂಡವರು ಮತ್ತು ಹಾಕಿಸಿಕೊಳ್ಳದವರು ಬೇರೆ ವಿಷಯಗಳಲ್ಲೂ ಬೇರೆಯಾಗಿರಬಹುದು. ದಿನಾ ಕಾಡಿಗೆ ಹೋಗುವವನು ಲಸಿಕೆಯ ದಿನ ಮನೆಯಲ್ಲೇ ಇರಲಿಲ್ಲ ಅಂದುಕೊಳ್ಳಿ. ಅವನಿಗೆ ಜ್ವರ ಬಂದದ್ದು ಲಸಿಕೆ ಇಲ್ಲದ್ದಕ್ಕೋ, ಉಣುಗು ಹೆಚ್ಚು ಕಚ್ಚಿದ್ದಕ್ಕೋ? ಪ್ರಯೋಗದಲ್ಲಿ ಚೀಟಿ ಎತ್ತಿ ಗುಂಪು ಮಾಡುವುದು ಈ ತೊಡಕು ಬಿಡಿಸಲಿಕ್ಕೆ.

ಈಗ "300 ಪ್ರಶ್ನಾವಳಿ" ವಿಷಯ. ಹಿನ್ನೀರು ಅವರೇ, "ಎಷ್ಟು ಮನೆಯವರು" ಅನ್ನುವುದು ನಿಮ್ಮ ಪ್ರಶ್ನೆಯಾದರೆ 300 ಕೂಡ ಸಾಲದೇ ಹೋಗಬಹುದು, ಅದನ್ನು ಲೆಕ್ಕ ಹಾಕಿಯೇ ಹೇಳಬೇಕು. "ಹೇಗೆ ತೂಗಿ ನೋಡುತ್ತಾರೆ" ಅನ್ನುವುದಾದರೆ 3,000 ಪ್ರಶ್ನಾವಳಿ ತುಂಬಿಸಿದರೂ ಉತ್ತರ ಸಿಗುವುದಿಲ್ಲ. ಸಂಖ್ಯೆಯಲ್ಲೇ ಬದುಕುವವಳಾಗಿ ಇದನ್ನು ಹೇಳುತ್ತಿದ್ದೇನೆ.

ತಕ್ಕಡಿ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗುಣಾತ್ಮಕ ಅಂತ ಹೇಳಿ ನಾಲ್ಕು ಮನೆಗೆ ಹೋಗಿ ಕಾಫಿ ಕುಡಿದು ಬಂದು ಬರೆದ ಪ್ರಬಂಧಗಳನ್ನು ಓದಿದ್ದೀನಿ. ಸಂಶೋಧಕರಿಗೆ ಮೊದಲೇ ಏನು ಅನ್ನಿಸಿತ್ತೋ ಅದನ್ನೇ ಜನರ ಬಾಯಲ್ಲಿ ಹೇಳಿಸಿರ್ತಾರೆ. ಇನ್ನೊಬ್ಬರು ಅದೇ ಊರಿಗೆ ಹೋದರೆ ಅದೇ ಉತ್ತರ ಸಿಗುತ್ತೆ ಅಂತ ಏನು ಭರವಸೆ? ಸಮಿತಿಯವರ ಅನುಮಾನದಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕಬೇಡಿ.

ಊರೊಕ್ಕಲು

ತಕ್ಕಡಿಯವರ ಪ್ರಶ್ನೆ ನ್ಯಾಯವಾದದ್ದು. ಕೆಟ್ಟ ಕ್ಷೇತ್ರಕಾರ್ಯ ಇದೆ, ಬೇಕಾದಷ್ಟಿದೆ. ಕೆಟ್ಟ ಪ್ರಶ್ನಾವಳಿಗಳೂ ಅಷ್ಟೇ ಇವೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ತಾವೇ ಟಿಕ್ ಹಾಕಿದವು. ವಿಧ ಯಾವುದು ಅನ್ನುವುದರಿಂದ ಶಿಸ್ತು ಬರುವುದಿಲ್ಲ.

ಮಂಗನ ಕಾಯಿಲೆಯ ಬಗ್ಗೆಯೇ ಒಳ್ಳೆಯ ಉದಾಹರಣೆ ಇದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಈ ಕಾಯಿಲೆ ಹಬ್ಬಿತು, ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದ ಸುತ್ತ. ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ಇದರ ಬಗ್ಗೆ 1987ರಲ್ಲಿ ಒಂದು ಲೇಖನ ಪ್ರಕಟಿಸಿದರು. ಇದನ್ನು ಅವರು ಕರೆದದ್ದೇ "ಅಭಿವೃದ್ಧಿಯ ಕಾಯಿಲೆ" ಅಂತ. ಕಾಡು ಕಡಿಯುವ ಕೂಲಿಗೆ ಹೋದವರು ಯಾರು, ಜ್ವರ ಮೊದಲು ತಟ್ಟಿದ್ದು ಯಾರಿಗೆ, ಜನ ಅದನ್ನು ದೈವದ ಮುನಿಸಿನೊಂದಿಗೆ ಹೇಗೆ ಜೋಡಿಸಿಕೊಂಡರು ಎನ್ನುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಉಣುಗನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ಹೊತ್ತು ನೋಡಿದರೂ ಭೂಮಿಯಿಲ್ಲದವನಿಗೆ ಯಾಕೆ ಮೊದಲು ಕಚ್ಚಿತು ಅಂತ ಅದು ಹೇಳುವುದಿಲ್ಲ. ಅದಕ್ಕೆ ಊರಲ್ಲಿ ಕೂತು ಕೇಳಬೇಕು.

ಇನ್ನು "ಅದೇ ಉತ್ತರ ಸಿಗುತ್ತದೆಯೇ" ಎನ್ನುವುದು. ಈ ಬಗೆಯ ಸಂಶೋಧನೆಯಲ್ಲಿ ಭರವಸೆ ಬರುವುದು ಟಿಪ್ಪಣಿಯಿಂದ. ದಿನಾ ರಾತ್ರಿ ಬರೆಯುವ ಟಿಪ್ಪಣಿ: ಯಾರು ಹೇಳಿದರು, ಎಲ್ಲಿ, ಜೊತೆಗೆ ಯಾರಿದ್ದರು, ನಾನು ಏನು ಕೇಳಿದೆ. ನಮ್ಮ ಅಭಿಪ್ರಾಯಕ್ಕೆ ವಿರುದ್ಧ ಹೇಳಿದವರನ್ನು ಹುಡುಕಿಕೊಂಡು ಹೋಗುವುದೂ ಶಿಸ್ತೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆಸಿ ಕ್ಷೇತ್ರಕಾರ್ಯ ಮಾಡಿದರು, ಆ ಊರನ್ನು ರಾಮಪುರ ಅಂತ ಕರೆದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟರು. ವರ್ಷಗಟ್ಟಲೆ ಸಂಸ್ಕರಿಸಿದ್ದ ಟಿಪ್ಪಣಿಯ ಮೂರೂ ಪ್ರತಿ ಸುಟ್ಟುಹೋದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು, 1976ರಲ್ಲಿ ಬಂತು. ಟಿಪ್ಪಣಿ ಕಳೆದುಕೊಂಡವನಿಗೆ ಎಂಥ ಸಂಕಟ ಅಂತ ಕ್ಷೇತ್ರಕಾರ್ಯ ಮಾಡಿದವರಿಗೇ ಗೊತ್ತು. ಹಿನ್ನೀರು, ನಿಮ್ಮ ಟಿಪ್ಪಣಿಯ ಒಂದು ಪ್ರತಿ ಬೇರೆ ಊರಿನಲ್ಲಿರಲಿ.

ಓಲೆಗರಿ

ನಾನು ಕನ್ನಡ ವಿಭಾಗದವನು. ಪ್ರಾಕ್ಕಲ್ಪನೆ ಇಲ್ಲದಿದ್ದರೆ ಸಂಶೋಧನೆಯೇ ಅಲ್ಲ ಎನ್ನುವ ಮಾತು ಕೇಳಿದಾಗಲೆಲ್ಲ ನೋವಾಗುತ್ತದೆ. ಒಂದು ಕಾವ್ಯದ ಐದು ಓಲೆಪ್ರತಿಗಳನ್ನು ಎದುರಿಟ್ಟುಕೊಂಡು, ಪಾಠಾಂತರಗಳನ್ನು (ಪ್ರತಿಯಿಂದ ಪ್ರತಿಗೆ ಬೇರೆಯಾಗುವ ರೂಪಗಳನ್ನು) ಸಾಲುಸಾಲಾಗಿ ಹೋಲಿಸಿ, ಕವಿ ಬರೆದಿರಬಹುದಾದ ಪಾಠವನ್ನು ಊಹಿಸುವುದಕ್ಕೆ ಕಣ್ಣು ಹೋಗುವಷ್ಟು ಕೆಲಸ ಬೇಕು. ಅಲ್ಲಿ ಶೇಕಡಾವಾರು ಇಲ್ಲ. ಆದರೆ ಪ್ರತಿಯೊಂದು ಅಕ್ಷರದ ಆಯ್ಕೆಗೂ ಕಾರಣ ಕೊಡಬೇಕು.

ಪಂಪನ ತಮ್ಮ ಜಿನವಲ್ಲಭನ ಶಾಸನ ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಸಿಕ್ಕಿತು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಇರುವ ಬಂಡೆಬರಹ. ಪಂಪನ ಮನೆತನದ ಬಗ್ಗೆ ಅವನ ಕಾವ್ಯಗಳಿಂದ ತಿಳಿದಿದ್ದಕ್ಕೆ ಹೊರಗಿನ ಸಾಕ್ಷಿ ದೊರೆತದ್ದು ಹೀಗೆ. ಐತಿಹಾಸಿಕ ಸಂಶೋಧನೆಯಲ್ಲಿ ನಾವು ಪುರಾವೆ ಸೃಷ್ಟಿಸುವಂತಿಲ್ಲ, ಉಳಿದು ಬಂದದ್ದನ್ನು ಒಂದಕ್ಕೊಂದು ಒರೆ ಹಚ್ಚಬೇಕು.

ತಂಗಿಯ ವಿಷಯಕ್ಕೂ ಇದು ಬೇಕಾಗುತ್ತದೆ ಅಂತ ನನ್ನ ಅನಿಸಿಕೆ. ಸೊಪ್ಪಿನ ಬೆಟ್ಟದ ಹಕ್ಕು ಯಾರಿಗೆ, ಯಾವ ಕಾಲದಿಂದ, ಬೇಲಿ ಯಾವಾಗ ಬಂತು, ಗೋಮಾಳ ಎಷ್ಟು ಉಳಿಯಿತು? ಕಂದಾಯದ ಹಳೇ ದಾಖಲೆ, ಗೆಜೆಟಿಯರ್ ನೋಡದೆ ಜನ ಇವತ್ತು ಯಾಕೆ ಅಷ್ಟು ದೂರ ಹೋಗುತ್ತಾರೆ ಅಂತ ಹೇಳುವುದು ಕಷ್ಟ. ಒಂದು ಅಧ್ಯಾಯ ಅದಕ್ಕೆ ಮೀಸಲಿಡಿ.

ಕರಿಹಲಗೆ

ಕ್ರಿಯಾ ಸಂಶೋಧನೆ ಬಗ್ಗೆ ಯಾರೂ ಹೇಳಲಿಲ್ಲ. ನಾವು ಮೇಷ್ಟ್ರುಗಳು ಡಿ.ಎಡ್.ನಲ್ಲಿ ಮಾಡಿದ್ದೇ ಅದು. ಮೂರನೇ ಕ್ಲಾಸಿನ ಮಕ್ಕಳು ಒತ್ತಕ್ಷರ ತಪ್ಪು ಬರೀತಾರೆ ಅಂದ್ಕೊಳ್ಳಿ. ಎರಡು ವಾರ ಒಂದು ಚಟುವಟಿಕೆ ಮಾಡಿಸ್ತೀವಿ, ಮೊದಲು ಎಷ್ಟು ತಪ್ಪಿತ್ತು, ಆಮೇಲೆ ಎಷ್ಟು ಅಂತ ನೋಡ್ತೀವಿ, ಸರಿಹೋಗದಿದ್ದರೆ ಚಟುವಟಿಕೆ ಬದಲಾಯಿಸ್ತೀವಿ. ಇಡೀ ರಾಜ್ಯದ ಮಕ್ಕಳ ಬಗ್ಗೆ ಏನೂ ಹೇಳೋಕೆ ಹೋಗಲ್ಲ. ನಮ್ಮ ಕ್ಲಾಸು, ನಮ್ಮ ತೊಂದರೆ, ನಾವೇ ಸಂಶೋಧಕರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗಲೂ ಶಿಕ್ಷಕರೇ ಕೂತು ಕಾರ್ಡು, ಕಲಿಕೆಯ ಮೆಟ್ಟಿಲು ಎಲ್ಲ ತಯಾರು ಮಾಡಿ, ತರಗತಿಯಲ್ಲಿ ಇಟ್ಟು ನೋಡಿ ತಿದ್ದಿದ್ದು. ಯಾರೋ ಹೊರಗಿನವರು ಬಂದು ನಮ್ಮನ್ನು ಅಧ್ಯಯನ ಮಾಡಿ ಹೋದರೆ ಅದು ಕ್ರಿಯಾ ಸಂಶೋಧನೆ ಆಗಲ್ಲ. ತೊಂದರೆ ಇರೋರು ಜೊತೆಗಿರಬೇಕು.

ರಾಗಿಮುದ್ದೆ

ಪ್ರಯೋಗ ಅಂದರೆ ಕೊಳವೆ, ಇಲಿ ಮಾತ್ರ ಅಂತ ಅಂದುಕೊಂಡವರಿಗೆ ಒಂದು ಮಾತು. ನಮ್ಮ ಮಂಡ್ಯ ಕಡೆ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಆ ಹೆಸರು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನಲ್ಲೇ ಪರಾಗಸ್ಪರ್ಶ ಆಗಿಬಿಡುತ್ತೆ, ಅಡ್ಡ ಹಾಯಿಸೋದು ಮಹಾ ಕಷ್ಟ. ಅದು ಪ್ರಾಯೋಗಿಕವೂ ಹೌದು, ಅನ್ವಯಿಕವೂ ಹೌದು, ನಮ್ಮ ಹೊಟ್ಟೆಗೆ ಬಂದ ಸಂಶೋಧನೆಯೂ ಹೌದು.

ಗದ್ದೆಮನೆ

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಸೊರಬದ ಕಡೆಯವ. ಮಗಳು ತೋರಿಸಿದಳು ಅಂತ ಇದನ್ನೆಲ್ಲ ಓದಿದೆ.

ನನ್ನ ಅಬ್ಬೆಗೆ ಈ ಜ್ವರ ಬಂದಿತ್ತು. ಹನ್ನೆರಡು ದಿನ ಮೈ ಕೆಂಡ. ಕಣ್ಣು ಕೆಂಪು, ಒಸಡಲ್ಲಿ ರಕ್ತ. ಬಿಟ್ಟಿತು ಅಂದ್ಕೊಂಡ ಮೇಲೆ ವಾರ ಬಿಟ್ಟು ಮತ್ತೆ ಬಂತು. ಬದುಕಿದಳು, ಆದರೆ ವರ್ಷದವರೆಗೆ ಮೊದಲಿನ ಹಾಗೆ ಕೆಲಸ ಮಾಡೋಕೆ ಆಗಲಿಲ್ಲ. ಆಮೇಲೆ ನಮ್ಮ ಮನೆಗೆ ನಾಲ್ಕು ಸಲ ಜನ ಬಂದಿದ್ದಾರೆ. ಒಬ್ಬರು ರಕ್ತ ತಗೊಂಡು ಹೋದರು, ಒಬ್ಬರು ಬಿಳಿ ಬಟ್ಟೆ ಎಳೆದು ಕಾಡಲ್ಲಿ ಉಣುಗು ಹಿಡಿದರು, ಒಬ್ಬರು ಆರು ಪುಟದ ಪ್ರಶ್ನೆ ಕೇಳಿದರು, ಒಬ್ಬರು ಫೋನಲ್ಲಿ ಮಾತು ರೆಕಾರ್ಡ್ ಮಾಡಿದರು. ನಿಮ್ಮ ಲೆಕ್ಕದಲ್ಲಿ ನಾಲ್ಕು ವಿಧದ ಸಂಶೋಧನೆ ಆಯ್ತು ಅನ್ನಿ. ನಾಲ್ವರೂ ಒಳ್ಳೆಯವರೇ. ಒಬ್ಬರೂ ತಿರುಗಿ ಬಂದು ಏನು ಗೊತ್ತಾಯ್ತು ಅಂತ ಹೇಳಲಿಲ್ಲ.

ಉಣುಗು ಕಚ್ಚದ ಹಾಗೆ ಡೆಪಾ ಎಣ್ಣೆ ಕೊಡ್ತಾರೆ, ಹಚ್ಕೊಂಡು ಹೋಗಿ ಅಂತಾರೆ. ಬೆವರು ಬಂದರೆ ಎಷ್ಟು ಹೊತ್ತು ನಿಲ್ಲುತ್ತೆ? ದರಗು ಮನೆಗೆ ತಂದ ಮೇಲೆ ಉಣುಗು ಕೊಟ್ಟಿಗೇಲಿ ಎಷ್ಟು ದಿನ ಇರುತ್ತೆ? ದರಗು ಬಿಟ್ಟರೆ ದನದ ಕಾಲಡಿಗೆ ಏನು ಹಾಕೋದು? ನಮಗೆ ಬೇಕಾದ ಪ್ರಶ್ನೆ ಇವು. ಇವು ಯಾವ ವಿಧದಲ್ಲಿ ಬರ್ತವೆ ಅಂತ ನೀವೇ ಹೇಳಿ.

ಪ್ರಯೋಗಶಾಲೆ

ಗದ್ದೆಮನೆಯವರೇ, ಮೂರಕ್ಕೂ ಮೂರು ವಿಧ. ಎಣ್ಣೆಯದ್ದು ಪ್ರಯೋಗದ ಪ್ರಶ್ನೆ: ಬೆವರುವ ಮೈಯಲ್ಲಿ, ನಿಮ್ಮ ಬಿಸಿಲಲ್ಲಿ, ಗಂಟೆಗಂಟೆಗೆ ನೋಡಬೇಕು. ಉಣುಗು ಕೊಟ್ಟಿಗೆಯಲ್ಲಿ ಎಷ್ಟು ದಿನ ಎನ್ನುವುದು ಕಾಯ್ದು ಎಣಿಸುವ ವೀಕ್ಷಣೆಯ ಕೆಲಸ. ಮೂರನೆಯದನ್ನು ನಿಮ್ಮನ್ನು ಬಿಟ್ಟು ಯಾರೂ ಮಾಡಲಾರರು, ಮೇಷ್ಟ್ರು ಹೇಳಿದ ಕ್ರಿಯಾ ಸಂಶೋಧನೆ ಅದೇ. ತಿರುಗಿ ಬಂದು ಹೇಳದಿರುವುದು ನಮ್ಮೆಲ್ಲರ ತಪ್ಪು. ನನ್ನ ವೃತ್ತಿಯಲ್ಲಿ ನಾನೂ ಎಷ್ಟೋ ಹಳ್ಳಿಗಳಿಂದ ಮಾದರಿ ತಂದಿದ್ದೇನೆ, ಹೋಗಿ ಹೇಳಿಲ್ಲ. ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ.

ಅಂಕಿಸಂಖ್ಯೆ

ಹಿನ್ನೀರು, ನೈತಿಕ ಸಮಿತಿಯ ಅನುಮತಿ ಮರೆಯಬೇಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಸಮಾಜವಿಜ್ಞಾನದ ಸಂಶೋಧನೆಗೂ ಒಂದು ಭಾಗ ಇದೆ. ಸಾವು ಕಂಡ ಮನೆಯಲ್ಲಿ ಕೂತು ಕೇಳುವಾಗ ರಕ್ತ ತೆಗೆಯುವಷ್ಟೇ ಜವಾಬ್ದಾರಿ ಇರುತ್ತದೆ.

ಹಿನ್ನೀರು

ಮೂರು ದಿನ ಇದನ್ನೇ ಮತ್ತೆ ಮತ್ತೆ ಓದಿದೆ. ನಿನ್ನೆ ಹೊಸದಾಗಿ ಬರೆದದ್ದು ಹೀಗಿದೆ, ನೋಡಿ ತಿದ್ದಿ:

"ಉದ್ದೇಶದ ದೃಷ್ಟಿಯಿಂದ ಇದು ಅನ್ವಯಿಕ ಸಂಶೋಧನೆ. ಸಾಮಗ್ರಿಯ ದೃಷ್ಟಿಯಿಂದ ಮುಖ್ಯವಾಗಿ ಗುಣಾತ್ಮಕ. ಎರಡು ಹಳ್ಳಿಗಳಲ್ಲಿ ಒಂದು ಪೂರ್ತಿ ಜ್ವರದ ಹಂಗಾಮು, ಅಂದರೆ ಡಿಸೆಂಬರ್‌ನಿಂದ ಮೇವರೆಗೆ ನೆಲೆಸಿ ಮಾಡುವ ಕ್ಷೇತ್ರಕಾರ್ಯ. ಪ್ರಾಕ್ಕಲ್ಪನೆಯ ಬದಲು ಸಂಶೋಧನಾ ಪ್ರಶ್ನೆಗಳನ್ನು ಇಟ್ಟುಕೊಳ್ಳಲಾಗಿದೆ, ಏಕೆಂದರೆ ಮನೆಯೊಳಗಿನ ತೀರ್ಮಾನದ ಬಗ್ಗೆ ಪರೀಕ್ಷಿಸುವಷ್ಟು ನಿಖರವಾದ ಊಹೆ ಮಾಡಲು ಈಗಿರುವ ತಿಳಿವಳಿಕೆ ಸಾಲದು. ಎರಡೂ ಹಳ್ಳಿಗಳ ಎಲ್ಲ ಮನೆಗಳ ಚಿಕ್ಕ ಗಣತಿ ಮಾಡಿ, ಯಾರು ಯಾವ ಕೆಲಸಕ್ಕೆ ಎಷ್ಟು ಸಲ ಕಾಡಿಗೆ ಹೋಗುತ್ತಾರೆ ಎಂಬುದನ್ನು ಎಣಿಸಲಾಗುವುದು. ಸೊಪ್ಪಿನ ಬೆಟ್ಟದ ಹಕ್ಕಿನ ಬಗ್ಗೆ ದಾಖಲೆ ಆಧಾರಿತ ಐತಿಹಾಸಿಕ ಅಧ್ಯಾಯ ಇರುತ್ತದೆ. ಪ್ರಬಂಧ ಸಲ್ಲಿಸುವ ಮೊದಲು ಎರಡೂ ಊರಿನಲ್ಲಿ ಸಭೆ ಕರೆದು ತಿಳಿದದ್ದನ್ನು ಕನ್ನಡದಲ್ಲಿ ಹೇಳಲಾಗುವುದು."

ಕೊನೆಯ ಸಾಲು ಗದ್ದೆಮನೆ ಅಣ್ಣನಿಂದ ಬಂದದ್ದು. ಸಮಿತಿ ಒಪ್ಪುತ್ತದೋ ಇಲ್ಲವೋ, ಅದನ್ನು ಮಾತ್ರ ತೆಗೆಯಲ್ಲ. ಅಣ್ಣ, ನಿಮ್ಮ ಊರಿಗೂ ಬರಬಹುದಾ? ಯಾವಾಗ ಬಂದರೆ ಅನುಕೂಲ?

ತಕ್ಕಡಿ

ಗಣತಿ ಸೇರಿಸಿದ್ದು ಒಳ್ಳೆಯದಾಯ್ತು. ಯಾರ ಮನೆಗೆ ಯಾಕೆ ಹೋದಿರಿ ಅಂತ ಕೇಳಿದರೆ ಈಗ ಉತ್ತರ ಇರುತ್ತೆ. ನನ್ನ ಆಕ್ಷೇಪ ವಾಪಸ್ ತಗೊಳ್ತೀನಿ.

ಗದ್ದೆಮನೆ

ಬಾ ತಂಗಿ. ಹಗಲು ಬಂದರೆ ಯಾರೂ ಸಿಗಲ್ಲ. ಅಡಿಕೆ ಕೊನೆ (ಗೊಂಚಲು) ಕೊಯ್ಲು ಶುರುವಾದ ಮೇಲೆ ಬಾ. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಅಡಿಕೆ ಸುಲಿಯೋಕೆ ನಮ್ಮ ಮನೆಯವರು, ಅಕ್ಕಪಕ್ಕದವರು, ಕೆಲಸಕ್ಕೆ ಬರೋ ಹೆಂಗಸರು ಎಲ್ಲ ಕೂರ್ತಾರೆ. ಹನ್ನೊಂದು ಗಂಟೆವರೆಗೆ ಮಾತು ನಡೆಯುತ್ತೆ. ನಿನಗೂ ಒಂದು ಮೆಟ್ಟುಗತ್ತಿ ಕೊಡ್ತೀವಿ, ಸುಲೀತಾ ಕೇಳು. ಅಬ್ಬೆಯೂ ಅಲ್ಲೇ ಇರ್ತಾಳೆ.